ಕಂಕುಳಲ್ಲಿ ಕೂತ ಹುಂಜ

ನೌಬಾದದ ನಮ್ಮ ಮನೆಯ ಹುಂಜ ಬಂದವರ ಕಾಲಿಗೆಲ್ಲ ಹಾರಿ ಕುಕ್ಕುತ್ತಿತ್ತು. ಕ್ರಿಸ್‌ಮಸ್‌ಗೆ ಕೊಯ್ದುಬಿಡೋಣ ಎಂದ ಗಂಡ ತಿಮೋಥಿಯ ಬಾಯಿ ಮುಚ್ಚಿಸಿದೆ. ಸೂಜಿ ಕಂಡರೆ ಒದೆಯುವ ಪೈಲ್ವಾನರನ್ನೇ ಹಿಡಿದು ಕೂರಿಸಿದ ನರ್ಸ್ ನಾನು. ಇದು ಯಾವ ಲೆಕ್ಕ?

ಅದು ಮೇಲೆರಗಿದಾಗಲೆಲ್ಲ ನಾನು ಓಡಲಿಲ್ಲ, ಹೊಡೆಯಲೂ ಇಲ್ಲ. ಎತ್ತಿ ಕಂಕುಳಲ್ಲಿ ಅವುಚಿಕೊಂಡು, ಅದು ತಣ್ಣಗಾಗುವವರೆಗೂ ಮನೆಗೆಲಸ ಮಾಡಿದೆ.

ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಜನ ಸೇರಿದ ದಿನವೂ ಅದು ಕಂಕುಳಲ್ಲೇ ಇತ್ತು. ದೇವರಿದ್ದಾನೆ, ಯಾವುದಕ್ಕೂ ಅಂಜಬೇಡಿ ಎಂದು ಪಾಸ್ಟರ್ ಬೋಧಿಸಿದರು. ಆಮೆನ್ ಎಂದು ಹುಂಜವನ್ನು ಕೆಳಗಿಳಿಸಿದೆ. ಅದು ಎಲ್ಲರ ಕಾಲುಗಳ ನಡುವೆ ಸುಮ್ಮನೆ ನಡೆದು ಅಂಗಳಕ್ಕೆ ಹೋಯಿತು.

ಪಾಸ್ಟರ್ ಮಾತ್ರ ಎರಡೂ ಕಾಲು ಕುರ್ಚಿಯ ಮೇಲೆತ್ತಿಕೊಂಡು ಕೂತಿದ್ದರು.

"ಹುಂಜ ಸುಮ್ಮನಿರೋದು ಕಲೀತ್ರಿ, ಪಾಸ್ಟರ್," ಎಂದೆ. "ಅಂಜಬ್ಯಾಡ್ರಿ ಅಂತ ಈಗ ನೀವೇ ಹೇಳಿದ್ರಲ್ಲ, ಕಾಲು ಕೆಳಗ ಇಡ್ರಿ."