ಕಣ್ಣಿಗೆ ಚುಚ್ಚಿದ ಬಾಣ

ನಗಾಕುರಾ ಸಾಹೇಬರಿಗೆ ಯಂತ್ರ ಹೇಗೆ ನಡೆಯುತ್ತದೆ ಎನ್ನುವುದಕ್ಕಿಂತ ಕಾಗದ ಹೇಗೆ ಕಾಣುತ್ತದೆ ಎನ್ನುವುದೇ ಮುಖ್ಯ. ಹಮಾಮತ್ಸು ಪಟ್ಟಣದ ಸ್ನಾನದ ತೊಟ್ಟಿಯ ಕಾರ್ಖಾನೆಯಲ್ಲಿ ಮುಖ್ಯಸ್ಥರಾಗಿ ಅವರು ಹನ್ನೊಂದು ವರ್ಷ ಕಳೆದದ್ದು ನಕ್ಷೆಗಳ ಗೆರೆ ನೇರ ಮಾಡಿಸುವುದರಲ್ಲೇ. ಕೈಕೆಳಗಿನ ಶಿಮೊದಾ ಚಿಹಾರು ಇದನ್ನೆಲ್ಲ ನೋಡಿ ನೋಡಿ ಒಳಗೊಳಗೇ ನಗುವುದನ್ನೂ ಬಿಟ್ಟಿದ್ದಳು.

ಈ ಸಲದ ತೊಟ್ಟಿ ವೃದ್ಧಾಶ್ರಮಕ್ಕೆ. ಮುದುಕರನ್ನು ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೆ ಪಟ್ಟಿ ಬಿಗಿದು ಬಾಗಿಲು ಮುಚ್ಚಿದರೆ ನೀರು ತಾನೇ ಏರುತ್ತದೆ; ನೀರೆಲ್ಲ ಬಸಿದ ಮೇಲಷ್ಟೇ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಅದರ ತಂತ್ರಾಂಶಕ್ಕೆ ಚಿಹಾರು ಸ್ಥಿತಿನಕ್ಷೆ ಬರೆದಿದ್ದಳು. 'ತುಂಬುತ್ತಿದೆ', 'ನಿಂತಿದೆ', 'ಬಸಿಯುತ್ತಿದೆ', ಹೀಗೆ ಒಂದೊಂದು ಸ್ಥಿತಿಗೆ ಒಂದು ವೃತ್ತ, ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದು ಬಾಣ. ಬಾಣವಿಲ್ಲದ ಕಡೆಗೆ ಯಂತ್ರ ಹೋಗುವುದಿಲ್ಲ, ಅಷ್ಟೇ.

"ಈ ಬಾಣ ಇನ್ನೆರಡನ್ನ ದಾಟ್ಕೊಂಡು ಹೋಗ್ತಿದೆ. ಕಣ್ಣಿಗೆ ಚುಚ್ಚತ್ತೆ. ತೆಗಿ," ಅಂದರು ಸಾಹೇಬರು.

"ಸರ್, 'ನಿಂತಿದೆ'ಯಿಂದ ಹೊರಗೆ ಅದೊಂದೇ ದಾರಿ. ತೆಗೆದ್ರೆ ಮಧ್ಯದಲ್ಲಿ ನಿಲ್ಲಿಸಿದೋರು ಅಲ್ಲೇ ಕೂತಿರ್ಬೇಕು."

"ಯಾರಮ್ಮಾ ನಿಲ್ಲಿಸ್ತಾರೆ? ಬಿಸಿನೀರು ಸಾಕು ಅನ್ನೋ ಮುದುಕರನ್ನ ನಾನಂತೂ ನೋಡಿಲ್ಲ."

ಬಾಣ ಹೋಯಿತು. ತಿದ್ದಿದ ನಕ್ಷೆಗೆ ಆರು ಜನ ಸಹಿಯ ಬದಲು ತಂತಮ್ಮ ಹೆಸರಿನ ಮೊಹರು ಒತ್ತಿದರು, ಆ ಕಚೇರಿಯ ಪದ್ಧತಿಯಂತೆ ಸಾಹೇಬರ ಮೊಹರಿನ ಕಡೆಗೆ ತಲೆಬಾಗಿದ ಹಾಗೆ ಓರೆಯಾಗಿ. ಮೊಹರಿಗೂ ಬೆನ್ನುಮೂಳೆ ಇಲ್ಲದ ಕಚೇರಿ ಅದು. ಚಿಹಾರು ಮಾತ್ರ ನೆಟ್ಟಗೆ ಒತ್ತಿದಳು. ಅಷ್ಟೇ ಮಾಡಲಾದದ್ದಕ್ಕೆ ತನ್ನ ಮೇಲೂ ಅವಳಿಗೆ ಹೇಸಿಗೆಯಾಯಿತು.

ಪ್ರಯೋಗದ ದಿನ ಆಶ್ರಮದವರು ಎಂಬತ್ತಾರು ವರ್ಷದ ಫುಸಾ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಅಜ್ಜಿಯ ಕೈ ನಡುಗುತ್ತಿತ್ತು. ಯಾವ ಬಟನ್‌ಗೆ ತಗಲುತ್ತದೋ ಹೇಳುವಂತಿರಲಿಲ್ಲ. ಚಿಹಾರು ಸಾಹೇಬರ ಕಡೆಗೆ ತಿರುಗಿದಳು. ಬೇಡವೆಂದರೆ ಸಾಹೇಬರು ಕೇಳುವವರಲ್ಲ. ಹೊಗಳಿದರೆ ಕೇಳುತ್ತಾರೆ.

"ಮೊದಲು ನೀವೇ ಕೂತು ತೋರಿಸಿ ಸರ್. ನಕ್ಷೆ ತಿದ್ದಿದೋರು ನೀವಲ್ವಾ."

ಸಾಹೇಬರು ಉಬ್ಬಿಹೋದರು. ಈಜುಚಡ್ಡಿಯಲ್ಲಿ ಬಂದು ಕುಳಿತು ಪಟ್ಟಿ ಬಿಗಿಸಿಕೊಂಡರು. ನೀರು ಎದೆ ಮುಟ್ಟಿದಾಗ, "ನೋಡಿ ಅಜ್ಜಿ, ಬೇಕಾದಾಗ ನಿಲ್ಲಿಸ್ಬಹುದು," ಎಂದು ತಾವೇ ಕೆಂಪು ಬಟನ್ ಒತ್ತಿದರು.

ನೀರು ನಿಂತಿತು. ಆಮೇಲೆ ಯಂತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಕರೆಂಟು ತೆಗೆದು ಮತ್ತೆ ಕೊಟ್ಟರೂ ಅದೇ 'ನಿಂತಿದೆ'.

"ಶಿಮೊದಾ, ಏನಾದ್ರೂ ಮಾಡಮ್ಮಾ."

"ದಾರಿ ಇಲ್ಲ ಸರ್. ಕಣ್ಣಿಗೆ ಚುಚ್ತಿತ್ತಲ್ಲ."

"ಇವರು ಯಾವಾಗ ಏಳ್ತಾರಮ್ಮಾ?" ಎಂದು ಫುಸಾ ಅಜ್ಜಿ ಕೇಳಿದಳು.

ಪಟ್ಟಿಯ ಬೋಲ್ಟು ಬಿಚ್ಚಲು ಚಿಹಾರು ಸ್ಪ್ಯಾನರ್ ತಂದಳು. ಜೊತೆಗೆ ತಿದ್ದುಪಡಿಯ ಹಾಳೆ, ಸಾಹೇಬರ ಮೊಹರು, ಕೆಂಪು ಮಸಿಯ ಡಬ್ಬಿಯನ್ನೂ ತಂದಳು. ಹಾಳೆಯಲ್ಲಿ ಆ ಬಾಣ ಮತ್ತೆ ಇನ್ನೆರಡನ್ನು ದಾಟಿಕೊಂಡು ಹೋಗಿತ್ತು. ಪಕ್ಕದಲ್ಲಿ ಅವಳ ಮೊಹರು ಆಗಲೇ ನೆಟ್ಟಗೆ ಬಿದ್ದಿತ್ತು.

"ಮೊದಲು ಇದು ಸರ್."

ನೀರು ತಣ್ಣಗಾಗುತ್ತಿತ್ತು. ಸಾಹೇಬರು ಒದ್ದೆ ಕೈಯನ್ನು ಹೊರಗೆ ಚಾಚಿ ಒತ್ತಿದರು. ಅವರ ಮೊಹರು ಅವಳದರ ಕಡೆಗೆ ಚೆನ್ನಾಗಿಯೇ ಬಾಗಿ ಬಿತ್ತು.