ತಾಯಿಯನ್ನು ಒಂಟಿ ಬಿಡಬಾರದು

ಆ ವಾರ ಚರ್ಚಿನ ಮರಿಯಮ್ಮ ತಾಯಿ ಹಸಿಂತಾಳ ಮನೆಯಲ್ಲಿದ್ದಳು. ಮೊಳದುದ್ದದ ಮರದ ಮೂರ್ತಿ. ನೀಲಿ ಸೆರಗು, ಮುಟ್ಟಿ ಮುಟ್ಟಿ ಸವೆದ ಮೂಗು. ಸಾಮಾರ್ ದ್ವೀಪದ ದಂಡೆಯ ಆ ಊರಲ್ಲಿ ತಾಯಿ ವಾರಕ್ಕೊಂದು ಮನೆಯಂತೆ ಇಳಿದುಕೊಳ್ಳುವುದು ಹಿಂದಿನಿಂದ ಬಂದ ರೂಢಿ. ಶನಿವಾರ ಸಂಜೆ ಹೆಂಗಸರು ಹಾಡುತ್ತ ಬಂದು ಅವಳನ್ನು ಮುಂದಿನ ಮನೆಯವಳ ಕೈಗೆ ಒಪ್ಪಿಸಬೇಕು. ಅಲ್ಲಿಯತನಕ ದೀಪ ಆರುವಂತಿಲ್ಲ, ಹಾಡಿಲ್ಲದೆ ತಾಯಿ ಹೊಸಿಲು ದಾಟುವಂತಿಲ್ಲ, ಮನೆಯಲ್ಲಿ ಅವಳನ್ನು ಒಂಟಿ ಬಿಡುವಂತಿಲ್ಲ.

ಬಿರುಗಾಳಿ ಬರುತ್ತದೆಂದು ರೇಡಿಯೋ ಹೇಳಿದ್ದು ಗುರುವಾರ. ಮಧ್ಯಾಹ್ನ ಲಾರಿ ಬಂತು. ಕಡಲು ಮೇಲೇರುತ್ತದೆ, ಎಲ್ಲರೂ ಗುಡ್ಡದ ಶಾಲೆಗೆ ಹೊರಡಿ ಎಂದು ಲಾರಿಯವರು ಕೂಗಿಕೊಂಡು ಹೋದರು. ಹಸಿಂತಾಳ ಗಂಡ ಕುಲಾಸ್ ತೆಂಗಿನ ಹೆಂಡ ಇಳಿಸುವವನು. ಅವನು ಚಾಪೆ ಸುತ್ತಿದ, ಅಕ್ಕಿ ಕಟ್ಟಿದ, ಜೂಜಿನ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಲ್ಲಿ ನಿಂತ. ಹೆಂಡತಿ ಏಳಲಿಲ್ಲ.

"ನನ್ನ ಹುಂಜಕ್ಕಿಂತ ಹಗುರ ಇದಾಳೆ ನಿನ್ನಮ್ಮ. ಎತ್ಕೊಂಡು ಲಾರಿ ಹತ್ತು, ಅವಳೇನು ಕುಕ್ಕಲ್ಲ" ಅಂದ.

"ಹುಂಜಾನೂ ತಾಯೀನೂ ಒಂದೇ ಏನೋ ನಿಂಗೆ?" ಅಂದಳು ಹಸಿಂತಾ.

ಅಷ್ಟರಲ್ಲಿ ಜಪದ ಗುಂಪಿನ ಹಿರಿಯಳು ಮಾನಾ ಪೂರಾ ಕೊಡೆ ಹಿಡಿದು ಬಂದಳು. ಊರಿಗೆಲ್ಲ ಅಕ್ಕನಂಥವಳು, ಅವಳ ಮಾತಿಗೆ ತೂಕವಿತ್ತು. ಅವಳ ಅಜ್ಜಿಯ ಕಾಲದ ಬಿರುಗಾಳಿಯಲ್ಲಿ ಊರೆಲ್ಲ ಮುಳುಗಿದರೂ ತಾಯಿ ಕೂತಿದ್ದ ಮನೆಯ ಮೆಟ್ಟಿಲಿಗೆ ಬಂದ ನೀರು ಹಾಗೇ ಹಿಂದೆ ಸರಿದಿತ್ತಂತೆ. ಆ ಕಥೆಯನ್ನು ಹಸಿಂತಾ ಎದೆಹಾಲಿನ ಜೊತೆ ಕುಡಿದು ಬೆಳೆದವಳು. ಮಾನಾ ಪೂರಾ ಅದನ್ನೇ ಇನ್ನೊಮ್ಮೆ ಹೇಳಿ, "ಅವಳಿರೋ ಮನೆಗೆ ನೀರು ಬರಲ್ಲ ಕಣೇ. ನೀನು ಪುಣ್ಯವಂತೆ" ಎಂದು ತಲೆ ಸವರಿದಳು. ಆಮೇಲೆ ಕೊಡೆ ಮಡಚಿ ತಾನು ಲಾರಿ ಹತ್ತಿದಳು.

ಕುಲಾಸ್ ಅದನ್ನು ನೋಡಿದ. ಹುಂಜವನ್ನು ಲಾರಿಯಲ್ಲಿದ್ದ ನೆರೆಯವನ ಕೈಗೆ ಕೊಟ್ಟು ವಾಪಸು ಬಂದು ಚಾಪೆ ಬಿಡಿಸಿದ.

"ನಿನ್ನ ತಾಯೀನ ನಂಬಿ ಉಳೀತಿಲ್ಲ ನಾನು" ಅಂದ. "ನಿನ್ನ ಬಿಟ್ಟು ಹೋಗಕ್ಕಾಗ್ದೆ ಉಳೀತಿದೀನಿ."

ಅವಳು ಜಪಮಾಲೆ ಹಿಡಿದು ಕೂತಳು. ಗಾಳಿಗೆ ದೀಪ ಹೊಯ್ದಾಡಿದಾಗಲೆಲ್ಲ ನಂಬದ ಗಂಡನೇ ಅಂಗೈ ಅಡ್ಡ ಹಿಡಿದು ಅದನ್ನು ಕಾದ.

ಬೆಳಕು ಹರಿಯುವ ಹೊತ್ತಿಗೆ ಕಡಲು ಮನೆಯೊಳಕ್ಕೆ ಬಂತು. ಮೆಟ್ಟಿಲ ಹತ್ತಿರ ನಿಲ್ಲಲಿಲ್ಲ, ಯಾರನ್ನೂ ಕೇಳಲಿಲ್ಲ. ಕುಲಾಸ್ ಹೆಂಡತಿಯನ್ನು ಕಿಟಕಿಯಿಂದ ಹೊರಕ್ಕೆ ತಳ್ಳಿ, ತಾನು ದಿನಾ ಹತ್ತುತ್ತಿದ್ದ ತೆಂಗಿನ ಮರಕ್ಕೆ ಸೇರಿಸಿದ. ಹತ್ತುವುದಕ್ಕೆಂದು ಅವನೇ ಕಡಿದ ಕಚ್ಚುಗಳಲ್ಲಿ ಕಾಲಿಟ್ಟು ಅವಳು ಮೇಲೇರಿದಳು. ಒಂದು ತೋಳಲ್ಲಿ ಮರ, ಇನ್ನೊಂದು ತೋಳಲ್ಲಿ ತಾಯಿ. ಅವನಿನ್ನೂ ಕೆಳಗಿದ್ದ. ಎರಡನೆಯ ಅಲೆ ಅವನನ್ನು ಬುಡದಿಂದ ಕಿತ್ತಿತು.

"ಹಸಿಂತಾ, ಕೈ ಕೊಡು" ಅಂದ.

ಕೊಡಲು ಅವಳಿಗೆ ಒಂದು ಕೈ ಇತ್ತು. ಆ ಕೈ ಖಾಲಿ ಇರಲಿಲ್ಲ. ಅವಳು ತಾಯಿಯನ್ನು ಎದೆಗೊತ್ತಿಕೊಂಡು, "ತಾಯೀ, ಅವನನ್ನ ಕಾಪಾಡು" ಎಂದು ಕೂಗಿದಳು. ಮನಸಾರೆ ಕೂಗಿದಳು, ಕೇಳಿಸಿಕೊಳ್ಳುತ್ತಾಳೆಂದು ನಂಬಿಯೇ ಕೂಗಿದಳು. ಆ ಮಾತು ಮುಗಿಯುವುದರೊಳಗೆ ಅಲ್ಲಿ ಬರೀ ನೀರಿತ್ತು.

ನೀರಿಳಿದ ಮೇಲೆ ಮರದ ಮೇಲಿನ ಹೆಂಗಸನ್ನೂ ಅವಳ ತೋಳಲ್ಲಿ ಸೆರಗು ಕೂಡ ಹರಿಯದ ತಾಯಿಯನ್ನೂ ಕಂಡವರು ಕೆಸರಲ್ಲೇ ಮಂಡಿಯೂರಿದರು. ಪವಾಡವೆಂದು ಸುತ್ತಲ ಊರುಗಳಿಗೆ ಸುದ್ದಿಯಾಯಿತು. ಪಾದ್ರಿ ಬಲಿಪೀಠದ ಮುಂದೆ ಹಸಿಂತಾಳನ್ನು ನಿಲ್ಲಿಸಿ, ನಂಬಿದವರ ಕೈಯನ್ನು ದೇವರು ಬಿಡುವುದಿಲ್ಲ ಎಂದರು. ಹಸಿಂತಾ ತನ್ನ ಕೈ ನೋಡಿಕೊಂಡಳು. ಕುಲಾಸನ ಹೆಣ ಸಿಗಲಿಲ್ಲ. ಅವನ ಮಾತು ಬಂದಾಗ ಮಾನಾ ಪೂರಾ, "ಏನ್ಮಾಡೋದು, ಅವನು ಒಂದಿನಾನೂ ಜಪಕ್ಕೆ ಕೂತೋನಲ್ಲ" ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅದೇ ಹೆಚ್ಚು ಚುಚ್ಚಿತು. ಗುಡ್ಡದ ಮೇಲೆ ಬದುಕುಳಿದ ಹುಂಜವನ್ನು ನೆರೆಯವನು ತಂದುಕೊಟ್ಟ.

ಉಳಿದವರೆಲ್ಲ ಗುಡ್ಡದ ಮಗ್ಗುಲಿಗೆ ಮನೆ ಕಟ್ಟಿಕೊಂಡರು. ಹಸಿಂತಾ ಮಾತ್ರ ಆ ತೆಂಗಿನ ಬುಡದಲ್ಲೇ ಮತ್ತೆ ಗುಡಿಸಲು ಹಾಕಿದಳು. ಮರುವರ್ಷ ಬಿರುಗಾಳಿಯ ತಿಂಗಳಲ್ಲೇ ತಾಯಿಯ ಸರದಿ ಅವಳ ಮನೆಗೆ ಬಂತು. ಕಡಲ ನಡುವೆ ಎಲ್ಲೋ ಗಾಳಿ ಎದ್ದಿದೆಯೆಂದು ಆ ಮಧ್ಯಾಹ್ನ ರೇಡಿಯೋ ಹೇಳಿತ್ತು. ಸಂಜೆ ಹೆಂಗಸರು ಹಾಡುತ್ತ ಬಂದರು. ಹಸಿಂತಾ ತಾಯಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮೇಜಿನ ಮೇಲೆ ಕೂರಿಸಿದಳು. ದೀಪಕ್ಕೆ ಎಣ್ಣೆ ತುಂಬಿ ಹಚ್ಚಿದಳು. ಆಮೇಲೆ ಚಾಪೆ ಸುತ್ತಿ, ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಹೊಸಿಲು ದಾಟಿದಳು.

"ತಾಯೀನ ಒಂಟಿ ಬಿಟ್ಟು ಎಲ್ಲಿಗೇ ಹೊರಟೆ?" ಅಂದಳು ಮಾನಾ ಪೂರಾ.

"ಶಾಲೆಗೆ. ನೀವು ಕೂತ್ಕೊಳಿ ಮಾನಾ, ಅವಳ ಜೊತೆ. ಅವಳಿರೋ ಮನೆಗೆ ನೀರು ಬರಲ್ವಲ್ಲ."

ಮಾನಾ ಪೂರಾ ಕುರ್ಚಿಯ ಅಂಚಿನಲ್ಲಿ ಕೂತಳು. ಹೆಂಗಸರು ಹಾಡು ಮುಂದುವರಿಸಿದರು. ಹಸಿಂತಾ ತಿರುಗಿ ನೋಡದೆ ದಾರಿ ಹಿಡಿದಳು. ಗುಡ್ಡದ ಅರ್ಧ ಏರುವಷ್ಟರಲ್ಲಿ ಗಾಳಿ ತುಸು ಜೋರಾಯಿತು, ಹಾಡು ನಿಂತಿತು. ಹಿಂದೆ ಹೆಜ್ಜೆಯ ಸದ್ದು ಕೇಳಿ ಅವಳು ಬದಿಗೆ ಸರಿದು ನಿಂತಳು. ಒಬ್ಬೊಬ್ಬರಾಗಿ ಎಲ್ಲರೂ ಏದುಸಿರು ಬಿಡುತ್ತ ಅವಳನ್ನು ದಾಟಿ ಮೇಲೇರಿದರು. ಕಡೆಗೆ ಬಂದವಳು ಮಾನಾ ಪೂರಾ.

ಯಾರ ಕೈಯಲ್ಲೂ ತಾಯಿ ಇರಲಿಲ್ಲ.