ಹತ್ತು ಗಿಗಾದ ಪೆಟ್ಟಿಗೆ

ಸಂಜೆ ಏಳೂವರೆ ಆಯಿತೆಂದರೆ ನನ್ನ ಫೋನು ಬಡಿದುಕೊಳ್ಳಲು ಶುರು. ದೇವದುರ್ಗದ ಎಂಟುನೂರು ಮನೆಗಳಿಗೆ ಇಂಟರ್‌ನೆಟ್ ಕೊಡುವವಳು ನಾನು, ವಿಶಾಖಾ. ಅಷ್ಟೂ ಮನೆಯವರು ಒಟ್ಟಿಗೆ ಮೊಬೈಲು, ಟಿವಿ ಹಚ್ಚಿದೊಡನೆ ನಮ್ಮ ಹಳೆಯ ರೌಟರ್ ಕೈಯೆತ್ತಿಬಿಡುತ್ತಿತ್ತು. ನಾನೂ ಕಂಬ ಹತ್ತಿ ವೈರು ಎಳೆಯುವ ಅಮರೇಶನೂ ನೆಟ್‌ವರ್ಕಿನ ಆರೋಗ್ಯ ನೋಡುತ್ತಿದ್ದದ್ದು ಬೈಗುಳದ ಫೋನು ಎಣಿಸಿಯೇ. ಇಪ್ಪತ್ತು ಬಂದರೆ ಜ್ವರ, ಐವತ್ತು ಬಂದರೆ ಜೀವ ಹೋಯಿತು.

ಆಗಲೇ ಒಂದು ದೊಡ್ಡ ಕಂಪನಿ ನಮ್ಮ ಓಣಿಗಳಲ್ಲಿ ವೈರು ಎಳೆದು, ಮೊದಲ ತಿಂಗಳು ಪುಕ್ಕಟೆ ಎಂದು ಸಾರಿತು. ಬೇಗ ಒಳ್ಳೆಯ ರೌಟರ್ ತರದಿದ್ದರೆ ಎಂಟು ವರ್ಷದ ನನ್ನ ಕೆಲಸ ಮುಳುಗಿದಂತೆಯೇ. ಗೊತ್ತಿದ್ದೂ ರಾಯಚೂರಿಗೆ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದೆ.

ಅಲ್ಲಿ ರೌಟರ್ ಮಾರುವ ಅಂಗಡಿಯ ಮುನ್ನಾ ಮೊದಲು ತೋರಿಸಿದ್ದು ಅಗ್ಗದ ಪೆಟ್ಟಿಗೆ. "ಹತ್ತು ಗಿಗಾ ಸ್ಪೀಡ್ ಅದ ಮೇಡಂ, ಕಣ್ಣು ಮುಚ್ಚಿ ಒಯ್ರಿ."

ಕಣ್ಣು ಮುಚ್ಚುವ ಸ್ವಭಾವ ನನ್ನದಲ್ಲ. ಅದೇ ಪೆಟ್ಟಿಗೆ ಇಟ್ಟುಕೊಂಡಿದ್ದ ಮಾನ್ವಿಯ ಕೇಬಲ್ ಜಹೀರುದ್ದೀನ್ ಭಾಯಿಯ ಹತ್ತಿರ ಹೋಗಿ ಕೇಳಿದೆ.

"ಮ್ಯಾಲ ಹತ್ತು ಅಂತ ಬರದಿರ್ತಾರ ತಂಗಿ. ಮನಿಗಿಷ್ಟ ಸ್ಪೀಡ್ ಅಂತ ಮಿತಿ ಹಾಕಿ ನೋಡು, ಎರಡಕ್ಕ ಇಳೀತದ," ಎಂದರು. ನಮಗೆ ಸಂಜೆಗೆ ಮೂರು ಬೇಕು.

ಮುನ್ನಾ ಆಮೇಲೆ ಹಳೆಯ ಸರ್ವರ್ ಕಂಪ್ಯೂಟರ್ ಒಂದಕ್ಕೆ ವೇಗದ ನೆಟ್‌ವರ್ಕ್ ಕಾರ್ಡು ಹಾಕಿ ರೌಟರ್ ಮಾಡಿಕೊಡುತ್ತೇನೆಂದ. ತಾಕತ್ತೇನೋ ಇತ್ತು, ಆದರೆ ಅದು ತಿನ್ನುವ ಕರೆಂಟಿಗೆ ನಮ್ಮ ಬ್ಯಾಟರಿ ಅರ್ಧ ತಾಸೂ ತಡೆಯುತ್ತಿರಲಿಲ್ಲ. ಎಲ್ಲ ಬಗೆಯಲ್ಲೂ ಸರಿಯಿದ್ದ ಇನ್ನೊಂದರ ಬೆಲೆ ನನ್ನ ಕೈಗೆಟುಕದು. ವಾಪಸು ಬರುವ ಬಸ್ಸು ಗಬ್ಬೂರು ದಾಟುವಾಗ ಮನಸ್ಸಿನಲ್ಲೇ ಒಂದನ್ನು ಆರಿಸುತ್ತಿದ್ದೆ, ದೇವದುರ್ಗದಲ್ಲಿ ಇಳಿಯುವಷ್ಟರಲ್ಲಿ ಮತ್ತೊಂದನ್ನು. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

"ಯಕ್ಕಾ, ಯಾವ್ದರ ಒಂದು ತೊಗೊಂಬಾ. ಮಂದಿ ಬೈಯಾಕತ್ತಾರ," ಎಂದ ಅಮರೇಶ.

"ಲೇ, ತಪ್ಪು ಮಾಲು ತಂದ್ರ ರೊಕ್ಕ ನೀ ಕೊಡ್ತೀ ಏನು?" ಎಂದು ಹರಿಹಾಯ್ದೆ. ಪಾಪ, ಅವನದೇನು ತಪ್ಪು!

ಐದನೇ ವಾರ ಮುನ್ನಾನೇ ಫೋನು ಮಾಡಿದ. ಹೈದರಾಬಾದಿನ ಯಾವುದೋ ಆಫೀಸಿನವರು ನನ್ನ ಕೈಗೆಟುಕದಿದ್ದ ಆ ಪೆಟ್ಟಿಗೆಯನ್ನೇ ಅವನಿಗೆ ಅರ್ಧ ಬೆಲೆಗೆ ಮಾರಿದ್ದರು. ಅಂಗಡಿಯಲ್ಲೇ ಎಂಟುನೂರು ಮನೆಯ ಮಿತಿ ಹಾಕಿ ಪರೀಕ್ಷಿಸಿದೆ. ಒಂಬತ್ತರ ಕೆಳಗೆ ಇಳಿಯಲಿಲ್ಲ. ತೊಡೆಯ ಮೇಲಿಟ್ಟುಕೊಂಡೇ ಊರಿಗೆ ತಂದು ಜೋಡಿಸಿದೆ.

ಅಂದು ಸಂಜೆ ಎಂಟಾಯಿತು, ಒಂದೂ ಫೋನಿಲ್ಲ. ಎಂಟೂವರೆ, ಆಗಲೂ ಇಲ್ಲ. ಅಮರೇಶ ಕುಣಿದೇಬಿಟ್ಟ. ಎರಡು ವಾರದಿಂದ ಫೋನು ಕಡಿಮೆಯಾಗುತ್ತಲೇ ಬಂದಿದ್ದವು. ಹೊಸ ರೌಟರ್ ತರುತ್ತೇನೆಂಬ ನನ್ನ ಮಾತು ನಂಬಿ ಮಂದಿ ತಾಳಿಕೊಂಡಿದ್ದಾರೆ ಎಂದೇ ತಿಳಿದಿದ್ದೆ. ಪರದೆಯಲ್ಲೂ ಎಲ್ಲ ಮನೆಗಳು ಲಾಗಿನ್ ಆಗಿದ್ದವು. ಆದರೆ ಮೂರು ಗಿಗಾ ಹರಿಯಬೇಕಾದ ಹೊತ್ತಿನಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಹರಿಯುತ್ತಿರಲಿಲ್ಲ.

ನನ್ನ ಮೊಟ್ಟಮೊದಲ ಗಿರಾಕಿ ವೆಂಕಮ್ಮನಿಗೆ ಫೋನು ಹಚ್ಚಿದೆ. "ನೆಟ್ ಹೆಂಗ ಬರಾಕತ್ತದ, ಯವ್ವಾ?"

ಆಕೆ ಮೆಲ್ಲಗೆ ಹೇಳಿದಳು, "ನಮ್ಮ ಮೊಮ್ಮಗಳು ಸುಮಂಗಲಾನ ಆನ್‌ಲೈನ್ ಕ್ಲಾಸು ಆ ಕಂಪನಿ ವೈರಿನ್ಯಾಗ ನಡೀತದವ್ವಾ. ನಿನ್ನ ಕನೆಕ್ಷನ್ನೂ ಹಚ್ಚೇ ಇಟ್ಟೀವಿ. ಆರಿಸಿದ್ರ ನಿನಗ ಗೊತ್ತಾಗಿ ಬ್ಯಾಸರಾಗತದಂತ. ಓಣ್ಯಾಗ ಎಲ್ಲಾರೂ ಹಂಗಽ ಇಟ್ಟಾರ."